ಪುಕ್ಕಟೆ ಸಿಕ್ಕ ಗಾಲಿಗೆ ರಿಪೇರಿ ಎಲ್ಲಿ?

ಗದಗ, ರೋಣ, ನವಲಗುಂದದ ಕಡೆ ಹಳ್ಳಿ ತಿರುಗಿದವರಿಗೆ ಈ ನೋಟ ಹೊಸದೇನಲ್ಲ. ಮನೆ ಪಕ್ಕದ ಸಂದಿಯಲ್ಲೋ ದನ ಕಟ್ಟುವ ಜಾಗದಲ್ಲೋ ಒಂದು ಮೂರು ಗಾಲಿ ಸೈಕಲ್ ನಿಂತಿರುತ್ತದೆ. ನಡೆಯಲಾಗದವರಿಗೆ ಅಂತ ಪುಕ್ಕಟೆ ಕೊಟ್ಟದ್ದು, ಕೈಯಿಂದ ಪೆಡಲ್ ತಿರುಗಿಸಿ ಓಡಿಸುವಂಥದ್ದು. ಒಂದು ಟೈರಿನಲ್ಲಿ ಗಾಳಿ ಇಲ್ಲ. ಚೈನು ತುಕ್ಕು ಹಿಡಿದು ಗಟ್ಟಿಯಾಗಿದೆ. ಸೀಟಿನ ಮೇಲೆ ಉಳ್ಳಾಗಡ್ಡಿ ಚೀಲ, ಹ್ಯಾಂಡಲ್ ಮೇಲೆ ಒಣ ಹಾಕಿದ ಟವೆಲ್. ಬೆನ್ನಿನ ತಗಡಿನ ಮೇಲೆ ಕೊಟ್ಟವರ ಹೆಸರು ಮಾತ್ರ ಇನ್ನೂ ನಿಚ್ಚಳವಾಗಿ ಓದಲು ಬರುತ್ತದೆ. ಅದರಲ್ಲಿ ಕೂರಬೇಕಾದವರು ಕಟ್ಟೆ ಮೇಲೆ ಕೂತಿರುತ್ತಾರೆ. ಎಲ್ಲಿಗಾದರೂ ಹೋಗಬೇಕಾದರೆ ಮೊದಲಿನ ಹಾಗೆಯೇ ಕೈ ಊರಿ ಸರಿಯುತ್ತಾರೆ, ಇಲ್ಲವೇ ಮಗನ ಬೈಕ್ ಬರುವವರೆಗೆ ಕಾಯುತ್ತಾರೆ.

ನಾನು ಔಷಧ ಕಂಪನಿಯೊಂದರ ಪ್ರತಿನಿಧಿ. ಮನೆ ಹುಬ್ಬಳ್ಳಿಯಲ್ಲಿ, ತಿರುಗಾಟ ಗದಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ. ಡಾಕ್ಟರು ಒಳಗೆ ಕರೆಯುವವರೆಗೆ ಹೊರಗಿನ ಬೆಂಚಿನ ಮೇಲೆ ಕೂರುವುದೇ ನಮ್ಮ ಕೆಲಸದ ಅರ್ಧ ಭಾಗ. ಅಲ್ಲಿ ಕೂತವರ ಜೊತೆ ಮಾತಿಗೆ ಬರ ಇಲ್ಲ. ಹಾಗೆ ಮಾತಾಡುತ್ತಾ ಒಂದು ವಿಷಯ ತಲೆಗೆ ಹೊಕ್ಕಿದೆ, ಹೊರಗೆ ಹೋಗಲು ಒಪ್ಪುತ್ತಿಲ್ಲ. ಇಂಥ ಸೈಕಲ್, ಗಾಲಿಕುರ್ಚಿಯಂಥ ಸಹಾಯಕ ಸಾಧನ ಸಿಗದವರ ಕಥೆ ನಮಗೆ ಗೊತ್ತು. ಅದು ಪೇಪರಿನಲ್ಲಿ ಬರುತ್ತದೆ. ಸಾಧನ ಸಿಕ್ಕ ಮೇಲೂ ಅದಿಲ್ಲದೆ ಬದುಕುವವರ ಕಥೆ ಯಾರ ಲೆಕ್ಕದಲ್ಲೂ ಇಲ್ಲ. ಅವರ ಹೆಸರಿನ ಮುಂದೆ 'ವಿತರಿಸಲಾಗಿದೆ' ಅಂತ ಬರೆದಾಗಿದೆಯಲ್ಲ.

ನನ್ನ ಮೂಗಿನ ಮೇಲೂ ಒಂದು ಸಾಧನ ಇದೆ, ಕನ್ನಡಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 2022ರಲ್ಲಿ ಒಂದು ವರದಿ ತಂದವು. ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಹಾಯಕ ಸಾಧನ ಬೇಕು ಅಂತ ಅದು ಹೇಳುತ್ತದೆ. ಕೆಲವು ಶ್ರೀಮಂತ ದೇಶಗಳಲ್ಲಿ ಬೇಕಾದವರ ಪೈಕಿ ನೂರಕ್ಕೆ 90 ಜನರಿಗೆ ಸಿಕ್ಕಿದ್ದರೆ, ಕೆಲವು ಬಡ ದೇಶಗಳಲ್ಲಿ ನೂರಕ್ಕೆ 3 ಜನರಿಗಷ್ಟೇ ಸಿಕ್ಕಿದೆಯಂತೆ. ಆ ಲೆಕ್ಕದಲ್ಲಿ ಗಾಲಿಕುರ್ಚಿ, ಕಿವಿ ಮಶೀನ್, ಕೃತಕ ಕಾಲಿನ ಜೊತೆ ಕನ್ನಡಕವೂ ಇದೆ. ಆದರೆ ಕನ್ನಡಕ ಹಾಕಿದವರನ್ನು ನಾವು 'ಫಲಾನುಭವಿ' ಅಂತ ಕರೆಯುವುದಿಲ್ಲ. ಯಾಕೆ? ಯಾವ ತಾಲೂಕು ಊರಿಗೆ ಹೋದರೂ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಒಂದು ಚಷ್ಮಾ ಅಂಗಡಿ ಇದೆ. ನಂಬರ್ ನೋಡುತ್ತಾರೆ, ನಾಲ್ಕು ಫ್ರೇಮ್ ತೋರಿಸುತ್ತಾರೆ, ಕಿವಿ ಹಿಂದೆ ಒತ್ತಿದರೆ ಬಿಸಿ ಮಾಡಿ ಬಗ್ಗಿಸಿ ಕೊಡುತ್ತಾರೆ. ಸ್ಕ್ರೂ ಬಿದ್ದರೆ ದುಡ್ಡು ತೆಗೆದುಕೊಳ್ಳದೆ ಹಾಕಿ ಕಳಿಸುತ್ತಾರೆ. ಸರಿ ಬರಲಿಲ್ಲ ಅಂದರೆ ನಾವು ಜಗಳ ಮಾಡುತ್ತೇವೆ. ದುಡ್ಡು ಕೊಟ್ಟಿದ್ದೇವೆ, ಜಗಳ ಮಾಡುವ ಹಕ್ಕಿದೆ.

ಈ ಜಗಳ ಮಾಡುವ ಹಕ್ಕು ಮೂರು ಗಾಲಿ ಸೈಕಲ್ಲಿನವರಿಗೆ ಇಲ್ಲ. ನನ್ನ ತಲೆ ತಿನ್ನುತ್ತಿರುವುದು ಇದೇ.

ಮಡ್‌ಗಾರ್ಡ್ ಬಿಚ್ಚಿದ ಮೇಸ್ತ್ರಿ

ಗದಗದ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಬೈಕ್ ಪಂಕ್ಚರ್ ಆಗಿತ್ತು. ಹತ್ತಿರದ ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದೆ. ವಯಸ್ಸಾದ ಮೇಸ್ತ್ರಿ, ಬಾಯಲ್ಲಿ ಎಲೆ ಅಡಿಕೆ, ಕೈ ಮೊಳಕೈವರೆಗೆ ಗ್ರೀಸು. "ಕುಂದರ್ರಿ ಸಾಹೇಬ್ರ, ಇದೊಂದು ಮುಗಸ್ತೀನಿ" ಅಂದರು. ಅವರ ಮುಂದೆ ಒಂದು ಮೂರು ಗಾಲಿ ಸೈಕಲ್ ಮಗುಚಿ ಹಾಕಿತ್ತು. ಅದರ ಮಾಲೀಕರು ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತಿದ್ದರು. ನಲವತ್ತು ದಾಟಿದ ಮನುಷ್ಯ. ಸಣ್ಣವರಿದ್ದಾಗ ಪೋಲಿಯೊ ಆಗಿದೆ. ಊರಲ್ಲಿ ಪಾನ್ ಅಂಗಡಿ. ಸೈಕಲ್ಲನ್ನು ಟಂಟಂನಲ್ಲಿ ಹಾಕಿಕೊಂಡು ತಂದಿದ್ದರು.

ಹಿಂದಿನ ಗಾಲಿಯ ಆಕ್ಸಲ್ ಬಾಗಿತ್ತು. ಮೇಸ್ತ್ರಿ ಅದನ್ನು ಬಿಚ್ಚಿ ನನಗೆ ತೋರಿಸಿದರು. ಮಾಮೂಲಿ ಸೈಕಲ್ಲಿನಲ್ಲಿ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದಿರುತ್ತಾರೆ. ಇದರಲ್ಲಿ ಗಾಲಿ ಒಂದೇ ಕಡೆಯಿಂದ ಜೋತು ಬಿದ್ದಿದೆ. ಕೂತವರ ಭಾರವೆಲ್ಲ ಆ ಬೆರಳು ಗಾತ್ರದ ಕಬ್ಬಿಣದ ಮೇಲೆ. ಡಾಂಬರು ರಸ್ತೆಯಲ್ಲಿ ಓಡಿಸಿದರೆ ತಡೆಯುತ್ತಿತ್ತೋ ಏನೋ. ಆದರೆ ಇವರ ಮನೆಯಿಂದ ಅಂಗಡಿಗೆ ಹೋಗುವ ದಾರಿಯಲ್ಲಿ ಡಾಂಬರು ಅರ್ಧ ಮಾತ್ರ.

"ಇದರ ಆಕ್ಸಲ್ ಎಲ್ಲೂ ಸಿಗಂಗಿಲ್ರಿ" ಅಂದರು ಮೇಸ್ತ್ರಿ. "ಹುಬ್ಬಳ್ಳ್ಯಾಗೂ ಕೇಳೀನಿ. ಲೇತಿನ್ಯಾಗ ಮಾಡಸಬೇಕು. ಈ ಸಲ ಒಂದು ನೂಲು ದಪ್ಪ ಮಾಡಸ್ತೀನಿ."

"ಯಾವಾಗ ಕೊಡ್ತಿ ಚಾಚಾ?"

"ಲೇತಿನವಗ ಕರೆಂಟ್ ಇದ್ರ ನಾಳೆ. ಇಲ್ಲಾಂದ್ರ ನಾಡಿದ್ದು."

"ಅಲ್ಲೀತನಕ ಅಂಗಡಿ ಬಂದ್ ಆತು ನೋಡು" ಅಂತ ಪಾನ್ ಅಂಗಡಿಯವರು ನನ್ನ ಕಡೆ ನೋಡಿ ನಕ್ಕರು.

ಕೊಟ್ಟವರಿಗೆ ಹೇಳಿದಿರಾ ಅಂತ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. "ಪುಕ್ಕಟೆ ಕೊಟ್ಟಾರ್ರಿ. ಏನಂತ ಹೇಳೂದು? ದಾನದ ಆಕಳ ಹಲ್ಲು ಎಣಿಸಿದಂಗ ಆಗತೈತಿ." ಗಾದೆ ಹೇಳಿ ಮಾತು ಮುಗಿಸಿದರು.

ನಾನು ಗಮನಿಸಿದ್ದು ಇನ್ನೊಂದು. ಆ ಸೈಕಲ್ಲಿಗೆ ಮಡ್‌ಗಾರ್ಡ್ ಇರಲಿಲ್ಲ. ಕಳಚಿ ಬಿದ್ದಿರಬೇಕು ಅಂದುಕೊಂಡೆ. ಮೇಸ್ತ್ರಿಯೇ ಬಿಚ್ಚಿದ್ದಂತೆ. ನಮ್ಮ ಕಡೆಯ ಎರಿ ಮಣ್ಣು ಗೊತ್ತಲ್ಲ. ಒಂದು ಮಳೆ ಬಿದ್ದರೆ ಸಾಕು, ಹೆಜ್ಜೆ ಹೆಜ್ಜೆಗೂ ಚಪ್ಪಲಿಗೆ ಮೆತ್ತಿಕೊಂಡು ಮನುಷ್ಯ ನಾಲ್ಕು ಬೆರಳು ಎತ್ತರ ಆಗುತ್ತಾನೆ. ಗಾಲಿಗೆ ಹತ್ತಿದ ಎರಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿ ಜಾಮ್ ಆಗುತ್ತದೆ. ಅದಕ್ಕೇ ಹೊಲಕ್ಕೆ ಹೋಗುವ ನಮ್ಮ ರೈತರು ಸೈಕಲ್ಲಿನ ಮಡ್‌ಗಾರ್ಡ್ ಬಿಚ್ಚಿ ಇಡುತ್ತಾರೆ. ಮೇಸ್ತ್ರಿ ಇಲ್ಲೂ ಅದನ್ನೇ ಮಾಡಿದ್ದರು. ಸೀಟನ್ನು ಸ್ವಲ್ಪ ಮುಂದೆ ಸರಿಸಿ ಬೆಸುಗೆ ಹಾಕಿಸಿದ್ದರು. ಈ ಮನುಷ್ಯನ ಕೈ ಗಿಡ್ಡ, ಪೆಡಲ್ ತಿರುಗಿಸುವಾಗ ಪ್ರತಿ ಸುತ್ತಿಗೂ ಮುಂದೆ ಬಾಗಬೇಕಾಗಿತ್ತು, ಸಂಜೆಗೆ ಬೆನ್ನು ಹಿಡಿಯುತ್ತಿತ್ತು. ಕಾಲಿಡುವ ತಗಡಿಗೆ ಒಂದು ಅಂಚು ಕೂಡಿಸಿದ್ದರು, ತಗ್ಗಿನಲ್ಲಿ ಕಾಲು ಜಾರಿ ಕೆಳಗೆ ಬೀಳಬಾರದು ಅಂತ.

ಯಾವ ಟೆಂಡರ್ ಕಾಗದದಲ್ಲಿ ಎರಿ ಮಣ್ಣಿನ ಸುದ್ದಿ ಇರುತ್ತದೆ ಹೇಳಿ? ಆ ಸೈಕಲ್ ಎಲ್ಲೋ ದೂರದ ಊರಲ್ಲಿ ತಯಾರಾಗಿ, ಎಲ್ಲರಿಗೂ ಒಂದೇ ಅಳತೆಯಲ್ಲಿ ಬಂತು. ಇವರ ಕೈ ಅಳತೆ, ಇವರ ಊರಿನ ಮಣ್ಣು ಎರಡೂ ಗೊತ್ತಿದ್ದವರು ಗದಗದ ಈ ಮೇಸ್ತ್ರಿ. ಗಾಲಿಕುರ್ಚಿಗಳದ್ದೂ ಇದೇ ಕಥೆ. ನಮ್ಮಲ್ಲಿ ಜಾಸ್ತಿ ಹಂಚುವುದು ಮಡಚುವ, ಆಸ್ಪತ್ರೆ ಮಾದರಿಯದ್ದು. ಮುಂದಿನ ಗಾಲಿ ಸಣ್ಣದು. ಟೈಲ್ಸ್ ನೆಲದ ಮೇಲೆ ಚೆನ್ನಾಗಿ ತಿರುಗುತ್ತದೆ. ಹಳ್ಳಿ ಅಂಗಳದಲ್ಲಿ ಮಳೆಗಾಲಕ್ಕೆ ಹೂತುಕೊಳ್ಳುತ್ತದೆ, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟರೆ ಬಿರುಕಿಗೆ ಸಿಗುತ್ತದೆ.

ಸರ್ಕಾರದ ಯೋಜನೆಗಳನ್ನು ಬೈಯುವುದು ಸುಲಭ, ಸುಮ್ನೆ ಬೈಯುವುದಕ್ಕೆ ನನಗೂ ಮನಸ್ಸಿಲ್ಲ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದ ನಡೆಯುತ್ತಿದೆ. ಶೇ. 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇದ್ದು, ಆದಾಯ ಮಿತಿಯೊಳಗಿದ್ದರೆ ಸಾಧನ ಉಚಿತವಾಗಿ ಸಿಗುತ್ತದೆ. ದುಡ್ಡು ಕೊಟ್ಟು ಕೊಳ್ಳಲು ಆಗದ ಎಷ್ಟೋ ಜನರ ಮನೆಗೆ ಇದರಿಂದ ಏನಾದರೂ ಬಂದಿದೆ. ಆದರೆ ಶಿಬಿರದ ಕ್ರಮ ನೋಡಿ. ಮೊದಲು ತಪಾಸಣೆ ಶಿಬಿರ, ಅಲ್ಲಿ ಅಳತೆ ತೆಗೆದುಕೊಳ್ಳುತ್ತಾರೆ. ತಿಂಗಳುಗಳು ಕಳೆದ ಮೇಲೆ ವಿತರಣೆ ಶಿಬಿರ. ಅಷ್ಟರಲ್ಲಿ ಬೆಳೆಯುವ ಮಗುವಿನ ಕಾಲು ಬೆಳೆದಿರುತ್ತದೆ. ಒಂದು ಸಲ ಪಡೆದರೆ ಸಾಮಾನ್ಯವಾಗಿ ಮೂರು ವರ್ಷ ಮತ್ತೆ ಕೇಳುವಂತಿಲ್ಲ, 12 ವರ್ಷದೊಳಗಿನ ಮಕ್ಕಳಿಗಾದರೆ ಒಂದು ವರ್ಷ. ದುರುಪಯೋಗ ತಡೆಯಲು ಇಂಥ ನಿಯಮ ಬೇಕು, ಒಪ್ಪೋಣ. ಆದರೆ ಆರನೇ ತಿಂಗಳಲ್ಲಿ ಆಕ್ಸಲ್ ಬಾಗಿದರೆ ಉಳಿದ ಎರಡೂವರೆ ವರ್ಷ ಆ ಮನುಷ್ಯ ಏನು ಮಾಡಬೇಕು? ಗದಗದ ಲೇತಿನವನ ಕರೆಂಟಿಗೆ ಕಾಯಬೇಕು.

ಕಾಲಿನ ವಿಷಯ ಸ್ವಲ್ಪ ಬೇರೆ

ಹುಬ್ಬಳ್ಳಿಯವರಾದ ನಮಗೆ ಒಂದು ಸಮಾಧಾನ ಇದೆ. ವಿದ್ಯಾನಗರದಲ್ಲಿ, ನಾವು ಈಗಲೂ ಕಿಮ್ಸ್ ಅಂತಲೇ ಕರೆಯುವ ಆಸ್ಪತ್ರೆಯ ಆವರಣದಲ್ಲಿ, ಮಹಾವೀರ ಲಿಂಬ್ ಸೆಂಟರ್ ಇದೆ. ಜೈಪುರ ಕಾಲು ಅನ್ನುವ ಕೃತಕ ಕಾಲು ಅಲ್ಲಿ ಸಿಗುತ್ತದೆ. ಈ ಕಾಲನ್ನು 1968ರಲ್ಲಿ ಜೈಪುರದ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇಠಿ ಮತ್ತು ರಾಮಚಂದ್ರ ಶರ್ಮ ಅನ್ನುವ ಕುಶಲಕರ್ಮಿ ಸೇರಿ ರೂಪಿಸಿದರು. ಒಬ್ಬರು ಮೂಳೆ ಡಾಕ್ಟರು, ಇನ್ನೊಬ್ಬರು ಕೈಕೆಲಸದವರು. ಅದಕ್ಕೇ ಇರಬೇಕು, ಆ ಕಾಲು ನಮ್ಮವರ ಬದುಕಿಗೆ ಹೊಂದುತ್ತದೆ. ಅದನ್ನು ಹಾಕಿಕೊಂಡು ಬರಿಗಾಲಲ್ಲಿ ಗುಡಿಯೊಳಗೆ ಹೋಗಬಹುದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬಹುದು, ಕೆಸರಿನಲ್ಲಿ ಇಳಿಯಬಹುದು. ಬೂಟಿನೊಳಗೆ ಇರಲಿ ಅಂತ ಮಾಡಿದ ವಿದೇಶಿ ಕಾಲಿಗೆ ಇದೆಲ್ಲ ಆಗುತ್ತಿರಲಿಲ್ಲ.

ಆದರೂ ಕಾಲು ಹಾಕಿಸಿಕೊಂಡವರು ಕೆಲವು ತಿಂಗಳಿಗೆ ಅದನ್ನು ಮೂಲೆಗೆ ಇಟ್ಟಿದ್ದು ನೋಡಿದ್ದೇನೆ. ಕಾರಣ ಸರಳ. ಕಾಲು ತೆಗೆದ ಮೇಲೆ ಉಳಿದ ಭಾಗ ಮೊದಲ ತಿಂಗಳುಗಳಲ್ಲಿ ಸೊರಗುತ್ತದೆ. ಮೊದಲು ಬಿಗಿಯಾಗಿ ಕೂತಿದ್ದ ಸಾಕೆಟ್, ಅಂದರೆ ಆ ಭಾಗವನ್ನು ಒಳಗೆ ಹಿಡಿದಿಡುವ ಕೃತಕ ಕಾಲಿನ ಬಟ್ಟಲು, ಸಡಿಲ ಆಗುತ್ತದೆ. ಚರ್ಮ ಉಜ್ಜಿ ಗುಳ್ಳೆ ಏಳುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಿಗೆ ಆ ಗುಳ್ಳೆಯೇ ದೊಡ್ಡ ಭಯ. ಕೇಂದ್ರಕ್ಕೆ ಮತ್ತೆ ಬಂದರೆ ಸರಿ ಮಾಡಿ ಕೊಡುತ್ತಾರೆ. ಬರಬೇಕಲ್ಲ! ಶಿರಹಟ್ಟಿಯ ಆಚೆ ಹಳ್ಳಿಯಿಂದ ಹುಬ್ಬಳ್ಳಿಗೆ ಬರುವುದೆಂದರೆ ಜೊತೆಗೆ ಒಬ್ಬರು ಬೇಕು, ಇಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಕಾಲು ಪುಕ್ಕಟೆ, ಬಸ್ಸಿಗೂ ಪಾಸ್ ಇರಬಹುದು, ಕೂಲಿಗೆ ಮಾತ್ರ ಯಾರೂ ಪಾಸ್ ಕೊಡುವುದಿಲ್ಲ.

ಕಿವಿ ಮಶೀನಿನ ಸೆಲ್

ಈಗ ನಮ್ಮ ಮನೆಯದೇ ಸುದ್ದಿ. ನನ್ನ ತಂಗಿಯನ್ನು ಕೊಟ್ಟಿದ್ದು ಸವಣೂರು ತಾಲೂಕಿನ ಒಂದು ಹಳ್ಳಿಗೆ. ಅವಳ ಮಗಳಿಗೆ ಹುಟ್ಟಿನಿಂದ ಕಿವಿ ಮಂದ. ಕಿವಿ ಹಿಂದೆ ಸಿಕ್ಕಿಸುವ ಮಶೀನ್ ಎರಡೂ ಕಡೆ ಇದೆ. ಮಶೀನ್ ಹಾಕಿದ ದಿನ ಅವಳು ಅಂಗಳದಲ್ಲಿ ಕಾಗೆ ಕೂಗಿದ್ದಕ್ಕೆ ತಿರುಗಿ ನೋಡಿದ್ದು, ನನ್ನ ತಂಗಿ ಅಡುಗೆಮನೆ ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ. ಇಂಥ ಜಾಗದಲ್ಲಿ ಕಥೆ ಮುಗಿಸಿದರೆ ಪೇಪರಿಗೆ ಒಳ್ಳೆಯ ಸುದ್ದಿ. ಆಮೇಲೆ ಏನಾಯಿತು ಕೇಳಿ.

ಆ ಮಶೀನಿಗೆ ಹಾಕುವುದು ಜಿಂಕ್-ಏರ್ ಸೆಲ್. ಗುಂಡಿ ಗಾತ್ರದ್ದು. ಅದರ ಬೆನ್ನ ಮೇಲೆ ಸಣ್ಣ ಬಣ್ಣದ ಸ್ಟಿಕರ್, ಕೆಳಗೆ ಕಣ್ಣಿಗೆ ಕಾಣಿಸೀತೋ ಇಲ್ಲವೋ ಅನ್ನುವಂಥ ತೂತು. ಸ್ಟಿಕರ್ ಕಿತ್ತರೆ ಗಾಳಿ ಒಳಗೆ ಹೋಗಿ ಸೆಲ್ ಜೀವ ಪಡೆಯುತ್ತದೆ. ಅಲ್ಲಿಂದ ನೀವು ಬಳಸಿ, ಬಿಡಿ, ಅದು ಖಾಲಿ ಆಗುತ್ತಲೇ ಇರುತ್ತದೆ. ಒಂದು ವಾರ, ಹೆಚ್ಚೆಂದರೆ ಎರಡು. ಸ್ಟಿಕರ್ ಕೀಳದೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಇದನ್ನು ನನ್ನ ತಂಗಿಗೆ ಯಾರೂ ಹೇಳಿರಲಿಲ್ಲ. ಅವಳು ಬುದ್ಧಿವಂತೆ. ಬೆಳಗ್ಗೆ ಸ್ಕೂಲಿನ ಗಡಿಬಿಡಿಯಲ್ಲಿ ಅನುಕೂಲ ಆಗಲಿ ಅಂತ ಇಡೀ ಹಾಳೆಯ ಸ್ಟಿಕರ್‌ಗಳನ್ನು ಒಂದೇ ಸಲ ಕಿತ್ತು ಡಬ್ಬಿಯಲ್ಲಿ ಇಟ್ಟಳು. ಎರಡನೇ ಸೆಲ್ ಹಾಕುವ ಹೊತ್ತಿಗೆ ಎಲ್ಲವೂ ಸತ್ತಿದ್ದವು. ಊರಿನ ಎಲೆಕ್ಟ್ರಿಕ್ ಅಂಗಡಿಯವನು ಅದೇ ಗಾತ್ರದ ವಾಚ್ ಸೆಲ್ ಕೊಟ್ಟ. ನಡೆಯಲಿಲ್ಲ. ರಾತ್ರಿ ಫೋನ್ ಬಂತು. "ಅಣ್ಣಾ, ಮಶೀನ್ ಕೆಟ್ಟೈತಿ. ಮೊದಲಿನಂಗ ಕೂಗಿ ಕೂಗಿ ಸಾಕಾತು." ಮಶೀನ್ ಕೆಟ್ಟಿರಲಿಲ್ಲ. ಹುಬ್ಬಳ್ಳಿಯಿಂದ ಒಂದು ಹಾಳೆ ಸೆಲ್ ಹೋದ ಮೇಲೆ ಸರಿಯಾಯಿತು.

ಅದಾದ ಮೇಲೆ ಮೌಲ್ಡ್ ಕಥೆ. ಕಿವಿಯೊಳಗೆ ಕೂರುವ ಮೆತ್ತನೆಯ ತುಂಡಿಗೆ ಮೌಲ್ಡ್ ಅನ್ನುತ್ತಾರೆ. ಕಿವಿಯ ಅಳತೆಗೇ ಮಾಡಬೇಕು. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ, ಮೌಲ್ಡ್ ಸಡಿಲ ಆಗುತ್ತದೆ. ಆಗ ಮಶೀನಿನ ಸದ್ದು ಹೊರಗೆ ಸೋರಿ, ಅದೇ ಸದ್ದು ಮತ್ತೆ ಮಶೀನಿನ ಮೈಕಿಗೆ ಹೋಗಿ, ಕುಂಯ್ ಅಂತ ಸೀಟಿ ಹೊಡೆಯುತ್ತದೆ. ಮದುವೆ ಮನೆಯ ಮೈಕ್ ಕಿರುಚಿದ ಹಾಗೆ, ಸಣ್ಣ ದನಿಯಲ್ಲಿ. ಕ್ಲಾಸಿನಲ್ಲಿ ಹುಡುಗರು ಇವಳಿಗೆ 'ರೇಡಿಯೊ' ಅಂತ ಹೆಸರಿಟ್ಟರು. ಇವಳು ಮಶೀನ್ ತೆಗೆದು ಕಂಪಾಸ್ ಬಾಕ್ಸಿನಲ್ಲಿ ಇಡಲು ಶುರು ಮಾಡಿದಳು. ಮನೆಗೆ ಬರುವ ಮೊದಲು ಮತ್ತೆ ಹಾಕಿಕೊಳ್ಳುತ್ತಿದ್ದಳು. ಎಷ್ಟು ದಿನ ಹೀಗೆ ನಡೆಯಿತೋ ಗೊತ್ತಿಲ್ಲ. ಪರೀಕ್ಷೆಯಲ್ಲಿ ಮಾರ್ಕ್ಸ್ ಕಡಿಮೆ ಬಂದಾಗ ಟೀಚರು ಕರೆದು, "ಹುಡುಗಿ ಶಾಣ್ಯಾ ಇದ್ಲು, ಯಾಕೋ ಲಕ್ಷ್ಯ ಕೊಡವಲ್ಲಳು" ಅಂದರಂತೆ.

ಹುಬ್ಬಳ್ಳಿಗೆ ಕರೆದುಕೊಂಡು ಬಂದೆವು. ಕಿವಿ ಪರೀಕ್ಷಿಸಿ ಮಶೀನ್ ಹೊಂದಿಸುವ ಆಡಿಯಾಲಜಿಸ್ಟ್ ಹುಡುಗಿ ಬಹಳ ತಾಳ್ಮೆಯವಳು. ಮೊದಲು ದಾರ ಕಟ್ಟಿದ ಹತ್ತಿಯ ಉಂಡೆಯನ್ನು ಕಿವಿಯೊಳಗೆ ಇಟ್ಟಳು, ಅಚ್ಚಿನ ವಸ್ತು ಒಳಗೆ ಇಳಿಯದಿರಲಿ ಅಂತ. ಆಮೇಲೆ ಹಿಟ್ಟಿನಂಥ ಮೆತ್ತನೆಯ ವಸ್ತುವನ್ನು ಸಿರಿಂಜಿನಿಂದ ತುಂಬಿಸಿದಳು. ಸೊಸೆ ಕಣ್ಣು ಬಿಗಿಯಾಗಿ ಮುಚ್ಚಿ ನನ್ನ ಬೆರಳು ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಅದು ಗಟ್ಟಿಯಾಗಿ, ದಾರ ಎಳೆದಾಗ ಇಡೀ ಕಿವಿಯ ಒಳಗಿನ ಆಕಾರ ಹೊರಗೆ ಬಂತು. ಅವಳು ಅದನ್ನು ಕೈಯಲ್ಲಿ ಹಿಡಿದು, "ಮಾಮಾ, ನನ್ನ ಕಿವಿ ಒಳಗ ಶಂಖ ಐತಿ" ಅಂದಳು. ಆ ಆಡಿಯಾಲಜಿಸ್ಟ್ ನನ್ನ ತಂಗಿಗೆ ಬರೆದು ಕೊಟ್ಟ ಒಂದು ಚೀಟಿ ಇದೆ. ಸೆಲ್ಲಿನ ನಂಬರ್, ಸ್ಟಿಕರ್ ಯಾವಾಗ ಕೀಳಬೇಕು, ಮೌಲ್ಡ್ ಹೇಗೆ ತೊಳೆಯಬೇಕು, ಮಳೆಗಾಲದಲ್ಲಿ ರಾತ್ರಿ ಮಶೀನನ್ನು ಒಣ ಡಬ್ಬಿಯಲ್ಲಿ ಇಡಬೇಕು, ಸೀಟಿ ಬಂದರೆ ಏನರ್ಥ. ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ. ಮಶೀನ್ ಸಿಕ್ಕ ದಿನವೇ ಆ ಚೀಟಿಯೂ ಸಿಕ್ಕಿದ್ದರೆ ನನ್ನ ಸೊಸೆಗೆ ಒಂದು ವರ್ಷದ ಪಾಠ ಉಳಿಯುತ್ತಿತ್ತು.

ಸಪ್ತಾಪುರದ ಫೋನ್

ಧಾರವಾಡದ ಸಪ್ತಾಪುರ ಅಂದರೆ ಕೋಚಿಂಗ್ ಸೆಂಟರುಗಳ ಸಂತೆ. ಅಲ್ಲಿ ಒಂದು ಚಹಾದ ಅಂಗಡಿಯಲ್ಲಿ ಪರಿಚಯ ಆದ ಹುಡುಗ ಎಫ್‌ಡಿಎ ಅನ್ನುವ ಸರ್ಕಾರಿ ಗುಮಾಸ್ತ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಾನೆ. ಕಣ್ಣು ಕಾಣುವುದಿಲ್ಲ. ಅವನ ಫೋನ್ ಕನ್ನಡದಲ್ಲಿ ಮಾತಾಡುತ್ತದೆ, ಎಷ್ಟು ಜೋರಾಗಿ ಓಡಿಸುತ್ತಾನೆ ಅಂದರೆ ನನಗೆ ಒಂದು ಪದವೂ ಹಿಡಿಯಲಿಲ್ಲ. ಈ ಸೌಲಭ್ಯ ಆಂಡ್ರಾಯ್ಡ್ ಫೋನಿನಲ್ಲೇ ಇದೆ, ಟಾಕ್‌ಬ್ಯಾಕ್ ಅಂತ. ಕಂಪ್ಯೂಟರಿಗೆ ಪರದೆ ಮೇಲಿನದ್ದನ್ನು ಓದಿ ಹೇಳುವ ಎನ್‌ವಿಡಿಎ ಇದೆ. ಅದನ್ನು 2006ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕೆಲ್ ಕರನ್, ಅವರಿಗೂ ಕಣ್ಣು ಕಾಣುವುದಿಲ್ಲ. ಎರಡೂ ಪುಕ್ಕಟೆ. ಅಂದರೆ ಇಲ್ಲಿ ಸಾಧನದ ಸಮಸ್ಯೆ ಬಗೆಹರಿದಿದೆ, ಅಲ್ವಾ?

"ಕೇಳ್ರಿ ಸರ್" ಅಂತ ಅವನು ಒಂದು ಪಿಡಿಎಫ್ ತೆಗೆದ. ಒಂದು ಕಚೇರಿಯ ಸುತ್ತೋಲೆ. ಫೋನ್ ಓದಿತು: ಪಿ, ಎ, ಪೌಂಡ್, ಎ… ಅವನು ನಗುತ್ತಿದ್ದ. ಅಲ್ಲಿ ಬರೆದಿದ್ದದ್ದು 'ಕನ್ನಡ' ಅಂತ. ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ ಕಣ್ಣಿಗಷ್ಟೇ ಕನ್ನಡ. ಒಳಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸರಣಿ, ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ. ಫೋನಿಗೆ ಆಕಾರ ಕಾಣುವುದಿಲ್ಲ, ಒಳಗಿದ್ದದ್ದನ್ನೇ ಓದುತ್ತದೆ. ಯುನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಸರಿಯಾಗಿ ಓದುತ್ತಿತ್ತು. ಇನ್ನು ಕೋಚಿಂಗ್ ನೋಟ್ಸ್ ಬಹಳಷ್ಟು ಫೋಟೊ ಹೊಡೆದು ಗ್ರೂಪಿಗೆ ಹಾಕಿದ್ದು. ಅದಕ್ಕೆ ಫೋನ್ ಮೌನ. ಚಿತ್ರದಿಂದ ಅಕ್ಷರ ಎತ್ತುವ ಆ್ಯಪ್ ಬಳಸುತ್ತಾನೆ. ಅಚ್ಚಿನ ಪುಟ ಸುಮಾರಾಗಿ ಬರುತ್ತದೆ, ಕೈಬರಹ ಕೈಕೊಡುತ್ತದೆ, ಕೋಷ್ಟಕ ಇದ್ದರೆ ಯಾವ ಇಸವಿ ಯಾವ ಘಟನೆಗೆ ಅನ್ನೋದೇ ಕಲಸಿಹೋಗುತ್ತದೆ. ಇವನಿಗೆ ಬೇಕಾಗಿರುವ ಹೊಸ ಯಂತ್ರ ಯಾವುದೂ ಇಲ್ಲ. ಸುತ್ತೋಲೆ ಟೈಪ್ ಮಾಡುವ ಗುಮಾಸ್ತರು ಕೀಬೋರ್ಡ್ ಸೆಟ್ಟಿಂಗ್ ಬದಲಿಸಿದರೆ ಇವನ ಅರ್ಧ ಕಷ್ಟ ಹೋಗುತ್ತದೆ. ಅದಕ್ಕೆ ಟೆಂಡರ್ ಇಲ್ಲ, ಶಿಬಿರ ಇಲ್ಲ, ಫೋಟೊ ಇಲ್ಲ. ಅದಕ್ಕೇ ಆಗುತ್ತಿಲ್ಲವೇನೋ.

(ಹುಬ್ಬಳ್ಳಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದದ್ದು, ಒಂದೂವರೆ ಕಿಲೋಮೀಟರ್. 2023ರ ಮಾರ್ಚಿನಲ್ಲಿ ಉದ್ಘಾಟನೆ ಆದಾಗ ನಾವೆಲ್ಲ ಎದೆ ಉಬ್ಬಿಸಿದೆವು. ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕಿದ ಗೆಳೆಯನೊಬ್ಬ ಮಾತ್ರ, "ನನ್ನ ಡಬ್ಬಿ ಕೊನೀಗೆ ಬಂದ್ರ ಏನ್ ಗತಿ ಮಾರಾಯ" ಅಂದಿದ್ದ. ಅದೇ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣ ಅವನಿಗೆ ಇಷ್ಟ. ನಿಲ್ದಾಣದ ನೆಲ, ಬಸ್ಸಿನ ನೆಲ ಎರಡೂ ಒಂದೇ ಮಟ್ಟ, ಮೆಟ್ಟಿಲಿಲ್ಲ. ಆದರೆ ನಿಲ್ದಾಣ ಇರುವುದು ರಸ್ತೆಯ ನಡುವೆ. ಅಲ್ಲಿವರೆಗೆ ರಸ್ತೆ ದಾಟುವುದು ಅವನ ಜವಾಬ್ದಾರಿ.)

ಗದಗದಲ್ಲಿ ಇದ್ದ ಪಾಠ

ಕಣ್ಣಿಲ್ಲದವರ ಮಾತು ಬಂದಾಗ ಗದಗಿನ ವೀರೇಶ್ವರ ಪುಣ್ಯಾಶ್ರಮ ಬಿಟ್ಟು ಮುಂದೆ ಹೋಗುವುದಕ್ಕೆ ಆಗುವುದಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣಿರಲಿಲ್ಲ. ಪುಟ್ಟರಾಜರು ಹುಟ್ಟಿದ್ದು 1914ರಲ್ಲಿ, ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ. ಬ್ರೈಲ್ ಕಲಿತು, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಯೋಚಿಸುವುದು ಬೇರೆ. ಬ್ರೈಲ್ ಬರೆಯುವ ಪಟ್ಟಿ ಮತ್ತು ಮೊಳೆ ಬಹಳ ಅಗ್ಗದ ಸಾಮಾನು. ಅದನ್ನು ಪೆಟ್ಟಿಗೆಗಟ್ಟಲೆ ಹಂಚಿದ್ದರೆ ಪುಣ್ಯಾಶ್ರಮದಂಥ ಪರಂಪರೆ ಹುಟ್ಟುತ್ತಿತ್ತೇ? ಅಲ್ಲಿ ಕಲಿಸುವ ಗುರುಗಳಿಗೂ ಕಣ್ಣಿರಲಿಲ್ಲ, ಕಲಿಯುವ ಎಷ್ಟೋ ಜನರಿಗೂ ಇರಲಿಲ್ಲ. ಸ್ವರದ ಜಾಗ ಬೆರಳಿಗೆ ಹೇಗೆ ಸಿಗುತ್ತದೆ ಅನ್ನುವುದನ್ನು ಅದೇ ಕಷ್ಟ ದಾಟಿ ಬಂದವರು ಹೇಳಿಕೊಡುತ್ತಿದ್ದರು. ಗುರು ಪಕ್ಕದ ಕೋಣೆಯಲ್ಲೇ ಇರುತ್ತಿದ್ದರು, ತಪ್ಪಿದರೆ ಅಲ್ಲೇ ತಿದ್ದುತ್ತಿದ್ದರು.

ಸಪ್ತಾಪುರದ ಹುಡುಗನಿಗೆ ಫೋನ್ ಬಳಸಲು ಕಲಿಸಿದ್ದು ಯಾರು ಅಂತ ಕೇಳಿದ್ದೆ. ಹಾಸ್ಟೆಲಿನಲ್ಲಿದ್ದ ಸೀನಿಯರ್ ಒಬ್ಬನಂತೆ, ಅವನಿಗೂ ಕಣ್ಣು ಕಾಣುವುದಿಲ್ಲ. ಈಗ ಇವನು ಇಬ್ಬರು ಹೊಸ ಹುಡುಗರಿಗೆ ಕಲಿಸುತ್ತಿದ್ದಾನೆ. ಯಾವ ಇಲಾಖೆಯ ಪುಸ್ತಕದಲ್ಲೂ ಈ ತರಬೇತಿ ದಾಖಲಾಗಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಹೊಂದುವ ಒಂದು ವ್ಯವಸ್ಥೆ ಈಗಾಗಲೇ ಇದೆ, ಅಂಗವಿಕಲರ ಪುನರ್ವಸತಿ ಕಾರ್ಯಕರ್ತರದ್ದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ತಾಲೂಕಿಗೆ ಎಂಆರ್‌ಡಬ್ಲ್ಯೂ. ವಿಆರ್‌ಡಬ್ಲ್ಯೂಗಳಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು. ಊರಲ್ಲಿ ಯಾರಿಗೆ ಏನಿದೆ, ಯಾರ ಸೈಕಲ್ ಮೇಲೆ ಉಳ್ಳಾಗಡ್ಡಿ ಚೀಲ ಇದೆ ಅಂತ ಅವರಿಗೆ ಗೊತ್ತು. ಆದರೆ ಅವರ ಕೆಲಸದ ಬಹುಪಾಲು ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್, ಪಿಂಚಣಿ ಅರ್ಜಿ, ಪಟ್ಟಿ ತಯಾರಿಯಲ್ಲೇ ಹೋಗುತ್ತದೆ. ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಶೇ. 5ರಷ್ಟು ಹಣ ಮೀಸಲಿದೆ. ಆ ಹಣದಲ್ಲಿ ಹೊಸ ಸಾಮಾನು ಕೊಳ್ಳುವ ಜೊತೆಗೆ, ಗದಗಿನ ಮೇಸ್ತ್ರಿಯಂಥವರಿಗೆ ರಿಪೇರಿ ಬಿಲ್ ಕೊಡಲು ಒಂದು ಪಾಲು ಇಡಬೇಕು ಅನ್ನುವುದು ನನ್ನ ವಾದ. ತಾಲೂಕಿಗೆ ಒಬ್ಬ ಸೈಕಲ್ ಮೇಸ್ತ್ರಿಯನ್ನು ಗುರುತಿಸಿ, ಆಕ್ಸಲ್, ಬೇರಿಂಗ್, ಕ್ಯಾಲಿಪರಿನ ಬಕಲ್, ಊರುಗೋಲಿನ ರಬ್ಬರ್ ಬುಡ ಅವರಲ್ಲಿ ಸದಾ ಇರುವಂತೆ ನೋಡಿಕೊಂಡರೆ ಎಷ್ಟು ದುಡ್ಡಾದೀತು? ಊರುಗೋಲಿನ ರಬ್ಬರ್ ಬುಡ ಸವೆದು ಹೋಗಿ, ನುಣುಪು ಟೈಲ್ಸಿನ ಮೇಲೆ ಜಾರಿ ಸೊಂಟ ಮುರಿದುಕೊಂಡವರನ್ನು ಆಸ್ಪತ್ರೆ ಬೆಂಚಿನ ಮೇಲೆ ನಾನೇ ನೋಡಿದ್ದೇನೆ. ಆ ರಬ್ಬರಿನ ಬೆಲೆ ಒಂದು ಊಟದಷ್ಟೂ ಇರಲಿಕ್ಕಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಹೆಸರಿನಲ್ಲೇ ಹಕ್ಕು ಅಂತ ಇದೆ. ಹಕ್ಕಿನಿಂದ ಬಂದ ಸೈಕಲ್ಲಿಗೆ ಹಲ್ಲು ಎಣಿಸಬಹುದು. ಇದನ್ನು ಪಾನ್ ಅಂಗಡಿಯವರಿಗೆ ಹೇಳುವುದು ಹೇಗೆ ಅಂತ ನನಗೆ ಇನ್ನೂ ತಿಳಿದಿಲ್ಲ. ಹೇಳಿದರೆ ನಗುತ್ತಾರೆ.

ನನ್ನ ಕೈಯಲ್ಲಿ ಆಗುವುದು ಔಷಧ ಅಂಗಡಿಗಳ ಕೆಲಸ. ಸವಣೂರಿನಲ್ಲಿ ನನಗೆ ಬಹಳ ವರ್ಷದಿಂದ ಗೊತ್ತಿರುವ ಮೆಡಿಕಲ್ ಶಾಪಿನವರಿದ್ದಾರೆ. ಕಿವಿ ಮಶೀನಿನ ಸೆಲ್ ಒಂದು ಡಬ್ಬಿ ಇಟ್ಟುಕೊಳ್ಳಿ ಅಂದೆ. ಸ್ಟಿಕರ್ ಕೀಳದಿದ್ದರೆ ಬೇಗ ಕೆಡುವುದಿಲ್ಲ, ಜಾಗವೂ ಬೇಡ. ಅವರು ವ್ಯಾಪಾರಸ್ಥರು, ಸರಿಯಾದ ಪ್ರಶ್ನೆಯನ್ನೇ ಕೇಳಿದರು. "ತಿಂಗಳಿಗೆ ಎಷ್ಟು ಹೋಗ್ತಾವ?" ನನ್ನ ಬಳಿ ಉತ್ತರ ಇರಲಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ ಅಂತ ಬಂದಿದೆ. ಆದರೆ ಸವಣೂರು ತಾಲೂಕಿನಲ್ಲಿ ಈ ವಾರ ಎಷ್ಟು ಮಕ್ಕಳ ಕಿವಿಯಲ್ಲಿ ಮಶೀನ್ ಚಾಲೂ ಇದೆ ಅನ್ನುವ ಲೆಕ್ಕ ಅದರಲ್ಲಿ ಎಲ್ಲಿ ಸಿಗುತ್ತದೆ? ತಂಗಿಯ ಊರಿನ ವಿಆರ್‌ಡಬ್ಲ್ಯೂ ಅಕ್ಕನಿಗೆ ಹೇಳಿದೆ. ಅವರು ತಮ್ಮ ಪಂಚಾಯಿತಿ, ಪಕ್ಕದ ಪಂಚಾಯಿತಿಯವರನ್ನೂ ಕೇಳಿ ಒಂದು ಹಾಳೆಯಲ್ಲಿ ಹೆಸರು, ಸೆಲ್ಲಿನ ನಂಬರ್ ಬರೆದು ಕೊಟ್ಟರು. ಹಾಳೆ ನೋಡಿದ ಮೇಲೆ ಮೆಡಿಕಲ್ ಶಾಪಿನವರು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ಡೇಟ್ ಮುಗಿದ ಸೆಲ್ ಉಳಿದರೆ ಸ್ಟಾಕಿಸ್ಟ್ ವಾಪಸ್ ತಗೋಬೇಕು. ಹುಬ್ಬಳ್ಳಿಯ ಸ್ಟಾಕಿಸ್ಟ್ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಸೋಮವಾರ ಮತ್ತೆ ಹೋಗಿ ಕೂರಬೇಕು.